ಖಾಲಿ ಕುರ್ಚಿಗೆ ಎತ್ತಿದ ತುತ್ತು

ಮಾರ್ಚ್ 3

ಹೊಲಿಗೆಯವರಿಗೆ,

ಹೀಗೆ ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಹೇಗೆ ಕರೆಯಬೇಕೆಂದು ತಿಳಿಯದೆ ಆಗಲೇ ಹಲವು ಹಾಳೆ ಹರಿದಿದ್ದೇನೆ. ಹೆಸರು ಹಿಡಿದು ಕರೆಯುವಷ್ಟು ಸಲಿಗೆ ನಮ್ಮ ನಡುವೆ ಇಲ್ಲ. 'ಅಕ್ಕ' ಅನ್ನೋಣವೆಂದರೆ ನಾಲಿಗೆ ಹೊರಳುವುದಿಲ್ಲ. ನೀವು ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡುತ್ತೀರೆಂದು ಇವರು ಎಂದೋ ಒಮ್ಮೆ ಅಂದಿದ್ದರು. ಅದನ್ನೇ ಹೆಸರು ಮಾಡಿಕೊಂಡಿದ್ದೇನೆ. ನಾನು ಯಾರೆಂದು ಹೇಳಬೇಕಾಗಿಲ್ಲ. ಬೇಕರಿಯಲ್ಲಿ ಹಿಟ್ಟು ನಾದುವವಳು, ನಿಮ್ಮ ಹಿಂದಿನ ಗಂಡನ ಈಗಿನ ಹೆಂಡತಿ.

ವಿಷಯ ನಿಮ್ಮ ನಾಯಿಯದು. ದೊರೆ ಎಂದು ಹೆಸರಿಟ್ಟವರು ನೀವೇ ಅಂತೆ. ಹೆಸರಿಗೆ ತಕ್ಕ ಹಾಗೆಯೇ ಇದ್ದಾನೆ, ನಾವಿಬ್ಬರೂ ಅವನ ಆಳುಗಳು. ಈ ಚಳಿಯಲ್ಲಿ ಅವನ ಹಿಂಗಾಲು ಸೋತವು. ಸೊಂಟದ ಕೀಲು ಸವೆದಿದೆ, ಸಂಧಿವಾತ ಎಂದರು ಡಾಕ್ಟರಮ್ಮ. ನೋವಿಗೆ ಮಾತ್ರೆ ಕೊಟ್ಟಿದ್ದಾರೆ. ದಿನಕ್ಕೆ ಒಂದೇ, ಅದೂ ಹೊಟ್ಟೆ ತುಂಬಿದ ಮೇಲೆ. ಹೆಚ್ಚಾದರೆ ಹೊಟ್ಟೆಯ ಒಳಗೆಲ್ಲ ಹುಣ್ಣಾಗುತ್ತದೆ ಎಂದು ಎರಡೆರಡು ಸಲ ಎಚ್ಚರಿಸಿದ್ದಾರೆ. ಹೆಚ್ಚು ಎಲ್ಲಿಂದ ಬಂತು, ಒಂದನ್ನೂ ಅವನು ನುಂಗುತ್ತಿಲ್ಲ. ನೀವು ಅವನಿಗೆ ಮಾತ್ರೆ ಹೇಗೆ ಕೊಡುತ್ತಿದ್ದಿರಿ? ಅಷ್ಟು ಹೇಳಿದರೆ ಸಾಕು.

ಫೋನ್ ಮಾಡಬಹುದಿತ್ತು. ನಿಮ್ಮ ದನಿ ಕೇಳುವ ಮನಸ್ಸಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಉತ್ತರವನ್ನು ಈ ಕಾಗದದ ಮೇಲೆ ಅಚ್ಚಾಗಿರುವ ಬೇಕರಿಯ ವಿಳಾಸಕ್ಕೆ ಬರೆಯಿರಿ. ನಾನು ನಿಮ್ಮನ್ನು ಕೇಳಿದೆನೆಂದು ಇವರಿಗೆ ಗೊತ್ತಾಗುವುದು ಬೇಡ.

ಉಳಿದಂತೆ ದೊರೆ ಸುಖವಾಗಿದ್ದಾನೆ. ನಮಗೆ ಚೆನ್ನಾಗಿ ಹೊಂದಿಕೊಂಡಿದ್ದಾನೆ. ನಮ್ಮ ಮಂಚದ ಪಕ್ಕದಲ್ಲೇ ಮಲಗುತ್ತಾನೆ.

ಬೇಕರಿಯವಳು


ಮಾರ್ಚ್ 9

ಬೇಕರಿಯವರಿಗೆ,

ಬೆಣ್ಣೆಯಲ್ಲಿ ಉಂಡೆ ಕಟ್ಟಿ ಕೊಡಿ.

ಅಷ್ಟು ಹೇಳಿದರೆ ಸಾಕೆಂದು ಬರೆದಿದ್ದೀರಿ. ಆದರೂ ಕೈ ನಿಲ್ಲುತ್ತಿಲ್ಲ. ಅವನು ಮಂಚದ ಪಕ್ಕದಲ್ಲಿ ಮಲಗುತ್ತಾನೆ ಎಂದದ್ದು ಆಶ್ಚರ್ಯವಾಯಿತು. ನಾನಿದ್ದಾಗ ಮಲಗುವ ಕೋಣೆಯ ಹೊಸ್ತಿಲು ದಾಟಿದವನಲ್ಲ. ಅಡುಗೆಮನೆಯ ಕಿಟಕಿ ಪಕ್ಕ ನನ್ನ ಕುರ್ಚಿ ಇತ್ತು, ಬೆತ್ತದ್ದು. ಅದರ ಕೆಳಗೇ ಅವನ ದರ್ಬಾರು. ನಾನು ಹೊಲಿಯುವಾಗ ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿದ್ದ. ಹೋಗಲಿ, ಕಾಲ ಬದಲಾಗುತ್ತದೆ.

ಅವನನ್ನು ನಾನು ಬಿಟ್ಟು ಬಂದೆನೆಂದು ನೀವು ತಿಳಿದಿರಬಹುದು. ಇಲ್ಲಿ ನನಗೆ ಕೊಟ್ಟಿರುವ ಕೋಣೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಆಗಲೇ ಅವನು ನಾಲ್ಕು ಮೆಟ್ಟಿಲಿಗೆ ಏದುಸಿರು ಬಿಡುತ್ತಿದ್ದ. ಗಂಡನನ್ನು ಬಿಟ್ಟು ಬಂದೆ, ಅದು ನಿಜ. ನಾಯಿಯನ್ನು ಬಿಟ್ಟು ಬರಬೇಕಾಯಿತು. ಎರಡಕ್ಕೂ ವ್ಯತ್ಯಾಸವಿದೆ.

ಒಂದು ಮಾತು ಕೇಳುತ್ತೇನೆ. ಬೀಗದವರು, ಬೀಗ ರಿಪೇರಿಯ ನಿಮ್ಮವರನ್ನು ನಾನು ಹೀಗೇ ಕರೆಯುವುದು, ನನ್ನ ಪಕ್ಕ ಬಂದು ಕೂತರೆ ಸಾಕು, ದೊರೆ ಗುರ್ ಎನ್ನುತ್ತಿದ್ದ. ನಮ್ಮಿಬ್ಬರ ನಡುವೆ ಮೂತಿ ತೂರಿಸಿ ಅವರನ್ನು ಆಚೆ ತಳ್ಳುತ್ತಿದ್ದ. ಅಷ್ಟು ಹೊಟ್ಟೆಕಿಚ್ಚು ಅವನಿಗೆ. ನಿಮ್ಮ ವಿಷಯದಲ್ಲೂ ಹಾಗೇ ಮಾಡುತ್ತಾನೆಯೇ? ಸುಮ್ಮನೆ ಕೇಳಿದೆ.

ಹೊಲಿಗೆಯವಳು


ಮಾರ್ಚ್ 16

ಹೊಲಿಗೆಯವರಿಗೆ,

ನಿಮ್ಮ ಬೆಣ್ಣೆಯ ಉಪಾಯಕ್ಕೆ ನಮಸ್ಕಾರ. ದೊರೆ ಬೆಣ್ಣೆಯನ್ನು ನಿಧಾನವಾಗಿ ನೆಕ್ಕಿ ಮುಗಿಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತ್ರೆಯನ್ನು ಬೇರೆ ಮಾಡಿ ನೆಲದ ಮೇಲಿಟ್ಟು, ಇನ್ನಷ್ಟು ಬೆಣ್ಣೆ ಬರಲಿ ಎಂದು ನನ್ನ ಮುಖ ನೋಡಿದ. ಬ್ರೆಡ್ಡಿನಲ್ಲಿ ಇಟ್ಟೆ, ಮೊಟ್ಟೆಯಲ್ಲಿ ಇಟ್ಟೆ. ಬಾಯಿ ಬಿಡಿಸಿ ಹಾಕಲು ಹೋದರೆ ಮುದಿ ಹಲ್ಲಿನಿಂದಲೇ ನನ್ನ ಕೈಯನ್ನು ಮೆಲ್ಲಗೆ ಹಿಡಿದುಕೊಂಡ. ಕಚ್ಚಲಿಲ್ಲ. 'ನೀನು ಯಾರು ನನಗೆ ಹೇಳಲಿಕ್ಕೆ' ಎಂಬಂತೆ ಹಿಡಿದುಕೊಂಡ, ಅದೇ ಹೆಚ್ಚು ನೋಯಿತು.

ಮಾತ್ರೆ ಹೋಗುತ್ತಿದೆಯಾ ಎಂದು ಇವರು ಕೇಳಿದರು. ಹೋಗುತ್ತಿದೆ ಎಂದೆ. ಒಂದು ನಾಯಿಗೆ ಮಾತ್ರೆ ನುಂಗಿಸಲಾರದವಳು ಎನಿಸಿಕೊಳ್ಳಲು ಇಷ್ಟವಿರಲಿಲ್ಲ, ಅದರಲ್ಲೂ ನಿಮ್ಮ ನಂತರ ಬಂದವಳಾಗಿ. ಬೀಗದವರು ಎಂದು ನೀವು ಕರೆಯುತ್ತೀರಲ್ಲ, ಸರಿಯಾದ ಹೆಸರು. ಊರವರ ಬೀಗವನ್ನೆಲ್ಲ ಬಿಡಿಸುತ್ತಾರೆ, ತಮ್ಮ ಬಾಯಿಗೆ ಹಾಕಿದ್ದನ್ನು ಮಾತ್ರ ತೆಗೆಯುವುದಿಲ್ಲ. "ಹೂಂ" ಎಂದು ಸುಮ್ಮನಾದರು.

ಬೆಳಿಗ್ಗೆ ದೊರೆ ಏಳುವಾಗ ಒಂದು ಸದ್ದು ಮಾಡುತ್ತಾನೆ. ಕುಂಯಿ ಎನ್ನುವುದೂ ಅಲ್ಲ, ಉಸಿರು ಬಿಡುವುದೂ ಅಲ್ಲ. ಮುಂಗಾಲಿನ ಮೇಲೆ ಎದ್ದು ಹಿಂಗಾಲು ಬರುವವರೆಗೆ ಕಾಯುತ್ತಾನೆ. ನಿಮಗೆ ನಿಜವಾಗಿ ಗೊತ್ತಿದ್ದು ನೀವು ಹೇಳುತ್ತಿಲ್ಲವೆಂದಾದರೆ, ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೇ ತೀರಿಸಿಕೊಳ್ಳಿ. ಆ ಸದ್ದನ್ನು ನೀವೂ ಒಮ್ಮೆ ಕೇಳಬೇಕಿತ್ತು.

ಬೇಕರಿಯವಳು


ಮಾರ್ಚ್ 22

ಬೇಕರಿಯವರಿಗೆ,

ನಾನು ಕೇಳಿದ್ದಕ್ಕೆ ನೀವು ಉತ್ತರ ಕೊಡಲಿಲ್ಲ. ಇರಲಿ, ನಾನೂ ನಿಮಗೆ ಪೂರ್ತಿ ಉತ್ತರ ಕೊಟ್ಟಿರಲಿಲ್ಲ. ಬೆಣ್ಣೆ ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು.

ಮಾತ್ರೆಯನ್ನು ಅವನಿಗೆ ಕೊಡಲೇಬೇಡಿ, ಬೇರೆಯವರಿಗೆ ಕೊಡಿ. ತನ್ನ ಬಟ್ಟಲಿನಲ್ಲಿ ಅಮೃತ ಇಟ್ಟರೂ ಮೂಸಿ ನೋಡುವ ಪ್ರಾಣಿ ಅದು. ಪಕ್ಕದವರ ಬಾಯಿಗೆ ಹೋಗುವುದು ಕಲ್ಲಾದರೂ ಅವನಿಗೆ ಬೇಕು. ಹುಳದ ಮಾತ್ರೆ ಕೊಡುವ ದಿನ ನಾನು ಬ್ರೆಡ್ಡಿನ ಚೂರಿನಲ್ಲಿ ಅದನ್ನು ಅಡಗಿಸಿ, ದೊರೆಯ ಕಡೆ ತಿರುಗಿಯೂ ನೋಡದೆ "ರೀ, ಇದು ನಿಮಗೆ, ದೊರೆಗಲ್ಲ" ಎಂದು ಬೀಗದವರ ಬಾಯಿಯ ಹತ್ತಿರ ಒಯ್ಯುತ್ತಿದ್ದೆ. ಅವರು ಬಾಯಿ ತೆರೆಯುವಷ್ಟರಲ್ಲಿ ಇವನು ಹಾರಿ ಕಸಿದು ಗುಳುಂ ಮಾಡುತ್ತಿದ್ದ. ಅಗಿಯಲು ಪುರುಸೊತ್ತು ಎಲ್ಲಿ, ಇನ್ನೊಬ್ಬರಿಗೆ ಸಿಕ್ಕಿಬಿಟ್ಟರೆ!

ಹೇಳಲು ಮನಸ್ಸಿರಲಿಲ್ಲ. ಆ ಮನೆಯಲ್ಲಿ ನನ್ನದೆಂದು ಉಳಿದಿದ್ದದ್ದು ಈ ಒಂದು ಉಪಾಯವೇ. ಅದನ್ನೂ ಕೊಟ್ಟಿದ್ದೇನೆ. ಆ ಸದ್ದಿನ ಬಗ್ಗೆ ಇನ್ನು ಬರೆಯಬೇಡಿ.

ಹೊಲಿಗೆಯವಳು


ಏಪ್ರಿಲ್ 2

ಹೊಲಿಗೆಯವರಿಗೆ,

ನುಂಗಿದ! ಮೊದಲ ಸಲಕ್ಕೇ ನುಂಗಿದ!

ಇವರ ಮುಂದೆ ಮಾಡುವಂತಿರಲಿಲ್ಲ. ನಿಮ್ಮ ಉಪಾಯವೆಂದು ನೋಡಿದ ತಕ್ಷಣ ಗುರುತಿಸಿಬಿಡುತ್ತಿದ್ದರು. ಅದಕ್ಕೇ ಇವರು ಅಂಗಡಿಯಿಂದ ಬರುವ ಮುಂಚೆ, ಸಂಜೆ ದೊರೆಯ ಊಟ ಮುಗಿಯುತ್ತಲೇ ಪಕ್ಕದ ಮನೆಯ ಬೆಕ್ಕನ್ನು ಕಿಟಕಿಗೆ ಕರೆದೆ. ಕಿವಿ ಹರಿದ ಹಳದಿ ಗಂಡು ಬೆಕ್ಕು, ನಮ್ಮ ದೊರೆಗೂ ಅದಕ್ಕೂ ಹುಟ್ಟಾ ಹಗೆತನ. "ತಗೋ ಮರಿ, ಇದು ನಿಂಗೇ" ಎಂದು ಚೂರನ್ನು ಚಾಚಿದೆ, ಅಷ್ಟೆ. ಕುಂಟುತ್ತಿದ್ದವನಿಗೆ ಎಲ್ಲಿಂದ ಅಷ್ಟು ಶಕ್ತಿ ಬಂತೋ, ನನ್ನ ಬೆರಳು ಉಳಿದದ್ದೇ ಪುಣ್ಯ.

ಈಗ ದಿನವೂ ನಡೆಯುತ್ತಿದೆ. ಬೆಕ್ಕೂ ಹೊತ್ತಿಗೆ ಸರಿಯಾಗಿ ಹಾಜರಾಗುತ್ತದೆ, ಅದಕ್ಕೂ ಒಂದು ಚೂರು ಸಂಬಳ. ನಮ್ಮ ದೊರೆ ಈಗ ಬೇಗ ಏಳುತ್ತಾನೆ, ಬೀದಿಯ ತುದಿಯ ಅಂಚೆ ಡಬ್ಬಿಯವರೆಗೆ ನಡೆಯುತ್ತಾನೆ. ಮೊನ್ನೆ ಚಪ್ಪಲಿ ಕಚ್ಚಿಕೊಂಡು ಓಡಿದ. ಒಂದು ಪುಟ್ಟ ಮಾತ್ರೆಗೆ ಇಷ್ಟೊಂದು ಗುಣವೇ ಎಂದು ನನಗೇ ಆಶ್ಚರ್ಯ. ಇವರೂ ನೋಡಿ ನಕ್ಕರು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ದೊರೆ ನನ್ನ ಕೈಯಿಂದಲೇ ಗುಣವಾಗುತ್ತಿದ್ದಾನೆ ಎನ್ನುವುದು ನನ್ನೊಬ್ಬಳ ಗುಟ್ಟಾಗಿರಲಿ.

ಬೇಕರಿಯವಳು


ಏಪ್ರಿಲ್ 10

ಬೇಕರಿಯವರಿಗೆ,

'ನಮ್ಮ ದೊರೆ', 'ನಮ್ಮ ದೊರೆ', 'ನಮ್ಮ ದೊರೆ'. ಓದಿದೆ. ಕಣ್ಣು ಇನ್ನೂ ಚೆನ್ನಾಗಿ ಕಾಣಿಸುತ್ತದೆ ನನಗೆ, ಒತ್ತಿ ಬರೆಯಬೇಕಿರಲಿಲ್ಲ.

ಅವನು ಓಡಿದನೆಂದು ಕೇಳಿ ಸಂತೋಷವಾಯಿತು. ಸಂತೋಷವಾಗಬೇಕು, ಆಯಿತು. ಆಮೇಲೆ ಮಧ್ಯಾಹ್ನವೆಲ್ಲ ಹಾಸಿಗೆ ಹೊದಿಕೆಗಳ ಅಂಚು ಸೊಟ್ಟ ಹೊಲಿದೆ. ಮೇಲ್ವಿಚಾರಕಿ ಬಿಚ್ಚಿಸಿ ಮತ್ತೆ ಹೊಲಿಸಿದರು.

ಜೊತೆಗೆ ಒಂದು ಪಾರ್ಸೆಲ್ ಕಳುಹಿಸಿದ್ದೇನೆ. ನೆಲದ ತಂಡಿ ಕೀಲಿಗೆ ಒಳ್ಳೆಯದಲ್ಲ, ಅದಕ್ಕೆ ಒಂದು ದಪ್ಪ ಹಾಸು. ಇಲ್ಲಿ ಉಳಿದ ಬಟ್ಟೆಯ ತುಂಡುಗಳನ್ನು ಒಳಗೆ ತುಂಬಿ ಹೊಲಿದದ್ದು. ಬೇಕರಿಯಲ್ಲಿ ಯಾರೋ ಕೊಟ್ಟರೆಂದು ಬೀಗದವರಿಗೆ ಹೇಳಿ. ಹೊಸ ಬಟ್ಟೆ, ಒಗೆಯಬೇಕಾಗಿಲ್ಲ.

ಹೊಲಿಗೆಯವಳು


ಏಪ್ರಿಲ್ 24

ಹೊಲಿಗೆಯವರಿಗೆ,

ದೊರೆಗೆ ಹುಷಾರಿಲ್ಲ.

ಒಂದು ವಾರದಿಂದ ವಾಂತಿ. ಮೊದಲು ಬೆಕ್ಕಿನ ಪಾಲನ್ನೂ ಕದ್ದು ತಿಂದಿದ್ದಾನೆ ಅಂದುಕೊಂಡೆ. ಆಮೇಲೆ ಊಟವನ್ನೇ ಬಿಟ್ಟ, ಬೆಕ್ಕಿನೆದುರು ಕಸಿಯುವ ಚೂರೊಂದನ್ನು ಬಿಟ್ಟು. ನಿನ್ನೆ ಹೊರಗೆ ಕರೆದುಕೊಂಡು ಹೋದಾಗ ನೋಡಿದೆ, ಮಲ ಕಪ್ಪಗೆ ಡಾಂಬರಿನ ಹಾಗಿತ್ತು. ಅಲ್ಲಿಂದ ನೇರ ಡಾಕ್ಟರಮ್ಮನ ಹತ್ತಿರ ಎತ್ತಿಕೊಂಡು ಹೋದೆ. ಇದು ಆ ನೋವಿನ ಮಾತ್ರೆಯ ಅಡ್ಡ ಪರಿಣಾಮ ಎಂದರು. "ದಿನಕ್ಕೆ ಒಂದೇ ತಾನೇ ಕೊಡ್ತಿರೋದು? ಬೇರೆ ಏನಾದ್ರೂ ಹಾಕ್ತಿದೀರಾ?" ಎಂದು ಕೇಳಿದರು. ಒಂದೇ, ನಾನೊಬ್ಬಳೇ ಕೊಡುವುದು ಎಂದು ಆಣೆ ಮಾಡಿದ ಹಾಗೆ ಹೇಳಿದೆ. ವಯಸ್ಸಾದ ದೇಹ, ಒಂದೂ ತಡೆಯುತ್ತಿಲ್ಲವೇನೋ, ಪೂರ್ತಿ ನಿಲ್ಲಿಸಿದರೆ ನೋವಿಗೆ ಏಳಲಾರ, ರಕ್ತ ಪರೀಕ್ಷೆಯ ಫಲಿತಾಂಶ ಬರುವವರೆಗೆ ಅರ್ಧ ಮಾಡಿ ಎಂದರು. ಹೊಟ್ಟೆಗೆ ಬೇರೆ ಔಷಧಿಯನ್ನೂ ಕೊಟ್ಟಿದ್ದಾರೆ. ಇವರಿಗೂ ಬಂದು ಹೇಳಿದೆ, ಇನ್ನು ಅರ್ಧ ಮಾತ್ರೆ, ನಾನೇ ಕೊಡುತ್ತೇನೆ ಎಂದು. "ಹೂಂ" ಎಂದರು.

ಇನ್ನೊಂದು ವಿಷಯ. ನಿಮ್ಮ ಹಾಸು ಬಂದಾಗಿನಿಂದ ಅವನು ಅದನ್ನು ಬಿಟ್ಟು ಏಳುವುದಿಲ್ಲ. ಮೂತಿಯನ್ನು ಹೊಲಿಗೆಯ ಸಂದಿಗೆ ಒತ್ತಿ ಮಲಗುತ್ತಾನೆ. ಹೊಸ ಬಟ್ಟೆಯನ್ನು ಇಷ್ಟೇಕೆ ಮೂಸುವುದು? ಸಿಟ್ಟು ಬಂದು ಒಗೆಯಲೆಂದು ಬಕೆಟ್ಟಿಗೆ ಹಾಕಿದೆ. ನೀರು ಬಿಡುವ ಮುಂಚೆ ತಿರುಗಿದರೆ, ಆ ನಿತ್ರಾಣದಲ್ಲೂ ಎದ್ದು ಬಂದು ಬಕೆಟ್ಟಿನ ಪಕ್ಕ ನಿಂತಿದ್ದಾನೆ. ತೆಗೆದು ಮತ್ತೆ ಹಾಸಿದೆ. ಒಳಗೆ ಏನು ತುಂಬಿದ್ದೀರಿ, ಹೊಲಿಗೆಯವರೇ?

ಬೇಕರಿಯವಳು


ಏಪ್ರಿಲ್ 29

ಬೇಕರಿಯವರಿಗೆ,

ಹಾಸಿನ ವಿಚಾರ ಬಿಡಿ. ಖಾಲಿ ಹೊಟ್ಟೆಗೆ ಕೊಟ್ಟಿದ್ದೀರಾ? ಬೇಕರಿಯಿಂದ ಏನೇನು ತಂದು ಹಾಕುತ್ತೀರಿ? ದ್ರಾಕ್ಷಿ ನಾಯಿಗೆ ವಿಷ, ದ್ರಾಕ್ಷಿ ಇದ್ದ ಬನ್ನು ಹಾಕಿದ್ದೀರಾ? ಒಂದು ಮಾತ್ರೆಗೆ ಹೀಗೆ ಆಗುತ್ತದೆಂದು ನಾನು ನಂಬುವುದಿಲ್ಲ. ಸಿಂಹದಂಥ ಹೊಟ್ಟೆ ಅವನದು, ನನ್ನ ಸಾಬೂನು ತಿಂದು ಅರಗಿಸಿಕೊಂಡವನು.

ನನ್ನ ಕೈಯಲ್ಲಿ ಅವನಿಗೆ ಒಂದು ದಿನವೂ ಹೀಗಾಗಿರಲಿಲ್ಲ. ಕಟುವಾಗಿ ಬರೆಯುತ್ತಿದ್ದೇನೆಂದು ಗೊತ್ತು. 'ನನ್ನೊಬ್ಬಳ ಗುಟ್ಟು' ಎಂದು ಹಿಗ್ಗಿದವರು ನೀವು. ಹಿಗ್ಗು ನಿಮ್ಮದಾದರೆ ಇದೂ ನಿಮ್ಮದೇ.

ಹೊಲಿಗೆಯವಳು


ಮೇ 4

ಹೊಲಿಗೆಯವರಿಗೆ,

ನಿಮ್ಮ ಪತ್ರ ಓದಿ ಬೇಕರಿಯ ಉಗ್ರಾಣದಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತು ಅತ್ತೆ. ಆದರೆ ಇವತ್ತು ಬರೆಯುತ್ತಿರುವುದು ಅದಕ್ಕಲ್ಲ. ದೊರೆ ಹಾಗೇ ಇದ್ದಾನೆ, ಅರ್ಧಕ್ಕೆ ಇಳಿಸಿದರೂ ವಾಂತಿ ನಿಂತಿಲ್ಲ, ರಕ್ತ ಪರೀಕ್ಷೆಯ ಫಲಿತಾಂಶವೂ ಇನ್ನೂ ಬಂದಿಲ್ಲ. ಇವತ್ತು ಬರೆಯುವುದು ನಿಮ್ಮ ಬಗ್ಗೆ.

ನಾನು ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಹೋಗುವವಳು. ಇವತ್ತು ಒಲೆ ಕೆಟ್ಟಿತೆಂದು ಬೇಕರಿಯ ಯಜಮಾನರು ಮನೆಗೆ ಕಳುಹಿಸಿದರು. ಹಿಂಬಾಗಿಲಿನಿಂದ ಬಂದೆ. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಇವರ ಬೆನ್ನು ಕಾಣುತ್ತಿತ್ತು, ಇವರ ಮುಂದೆ ನಿಮ್ಮ ಬೆತ್ತದ ಕುರ್ಚಿ. ಹೌದು, ಅದು ಇನ್ನೂ ಅಲ್ಲೇ ಇದೆ. ತೆಗೆಯಿರಿ ಎಂದು ಎಷ್ಟು ಸಲ ಹೇಳಿದರೂ ತೆಗೆಯುವುದಿಲ್ಲ. ದೊರೆ ಮಲಗುವುದೂ ಅದರ ಕೆಳಗೇ. ಮಂಚದ ಪಕ್ಕ ಎಂದು ನಾನು ಬರೆದದ್ದು ಸುಳ್ಳು.

ಇವರು ಬಗ್ಗಿ, ಕೈಯಲ್ಲಿ ಒಂದು ತುತ್ತು ಹಿಡಿದು, ಆ ಖಾಲಿ ಕುರ್ಚಿಗೆ ಎತ್ತುತ್ತಿದ್ದರು. ಮಾತಾಡುತ್ತಿದ್ದರು. ನನ್ನ ಜೊತೆ ಇಡೀ ದಿನಕ್ಕೆ ಎರಡು 'ಹೂಂ' ಆಡುವ ಮನುಷ್ಯ! "ಇದು ನಿಂಗೇ ಕಣೇ, ಬೇರೆ ಯಾರಿಗೂ ಇಲ್ಲ. ತಗೋ. ತಗೋಳೇ, ನಿಂಗೋಸ್ಕರಾನೇ ಇಟ್ಟಿದ್ದೆ." ಅಷ್ಟು ಮೆತ್ತಗಿನ ದನಿಯನ್ನು ನಾನು ಕೇಳಿದ್ದೇ ಇಲ್ಲ.

ಮುಂದೆ ನೋಡಲು ಆಗಲಿಲ್ಲ. ಬಂದ ಹಾಗೇ ಬೀದಿಗೆ ಹೋಗಿಬಿಟ್ಟೆ. ನೀವು ಬಿಟ್ಟು ಹೋಗಿದ್ದೀರೆಂದು ನಂಬಿ ನಾನು ಆ ಮನೆಗೆ ಬಂದೆ. ನೀವು ಎಲ್ಲಿಗೂ ಹೋಗಿಲ್ಲ. ನಾಯಿಯ ಮೂತಿಯಲ್ಲಿದ್ದೀರಿ, ಗಂಡನ ಬಾಯಲ್ಲಿದ್ದೀರಿ, ನನ್ನ ಅಡುಗೆಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದೀರಿ. ಇವರ ಜೊತೆ ಮಾತು ಬಿಟ್ಟಿದ್ದೇನೆ. ಇವರಿಗೆ ಅದು ಗೊತ್ತಾಗಿದೆಯೋ ಇಲ್ಲವೋ ದೇವರೇ ಬಲ್ಲ.

ನೀವು ಕೇಳಿದ್ದಿರಲ್ಲ, ನನಗಾಗಿ ಗುರ್ ಎನ್ನುತ್ತಾನೆಯೇ ಎಂದು. ಇಲ್ಲ. ಒಮ್ಮೆಯೂ ಇಲ್ಲ. ಇವರು ನನ್ನ ಹೆಗಲ ಮೇಲೆ ಕೈ ಹಾಕಿದರೆ ಅವನು ಆಕಳಿಸುತ್ತಾನೆ. ಈಗ ಸಮಾಧಾನವಾಯಿತೇ?


ಮೇ 12

ಬೇಕರಿಯವರಿಗೆ,

ಮೊನ್ನೆ ಫೋನಿನಲ್ಲಿ ನಾನು ಕೂಗಿದ್ದು ಒಂದೇ ಮಾತು. "ಅವರೂ ಮಾತ್ರೆ ಕೊಡ್ತಿದಾರೆ, ನಿಲ್ಸಿ, ಈಗಲೇ ನಿಲ್ಸಿ." ಕಾಗದದ ನೆತ್ತಿಯ ಮೇಲಿನ ನಂಬರಿಗೆ ಮಾಡಿದ್ದೆ. ಬೇಕರಿಯ ಯಜಮಾನರು ಬ್ರೆಡ್ ಆರ್ಡರು ಅಂದುಕೊಂಡರು. ನೀವು ಫೋನನ್ನು ಹಾಗೇ ಬಿಟ್ಟು ಓಡಿದ ಸದ್ದು ಕೇಳಿಸಿತು. ಆಮೇಲೆ ಏನಾಯಿತೋ ಗೊತ್ತಿಲ್ಲ. ಮತ್ತೆ ಫೋನ್ ಮಾಡಲು ಕೈ ಬರುತ್ತಿಲ್ಲ. ಅವನು ಇಲ್ಲ ಎಂದು ಯಾರಾದರೂ ಹೇಳಿಬಿಟ್ಟರೆ ಎಂಬ ಭಯ.

ಬಿಡಿಸಿ ಹೇಳುತ್ತೇನೆ. ನಾನು ಎಲ್ಲಿಗಾದರೂ ಹೋದಾಗ ಬೀಗದವರು ಒಬ್ಬರೇ ದೊರೆಗೆ ಮಾತ್ರೆ ಹಾಕಬೇಕಾಗುತ್ತಿತ್ತು. ಕಸಿಯಲು ಎದುರಿಗೆ ಇನ್ನೊಬ್ಬರು ಬೇಕಲ್ಲ. ಅದಕ್ಕೆ ನನ್ನ ಖಾಲಿ ಕುರ್ಚಿಯಲ್ಲಿ ನಾನು ಕೂತಿದ್ದೇನೆಂದು ನಟಿಸಿ, "ತಗೋಳೇ, ನಿಂಗೇ ಇದು" ಎಂದು ತುತ್ತು ಎತ್ತುತ್ತಿದ್ದರು. ಕುರ್ಚಿಯ ಕೆಳಗಿನಿಂದ ದೊರೆ ನುಗ್ಗಿ ಕಸಿಯುತ್ತಿದ್ದ. ನೀವು ಇನ್ನೊಂದು ಗಳಿಗೆ ಆ ಬಾಗಿಲಲ್ಲಿ ನಿಂತಿದ್ದರೆ ಅದನ್ನು ಕಾಣುತ್ತಿದ್ದಿರಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ತುತ್ತಿನಲ್ಲಿ ಇದ್ದದ್ದು ಪ್ರೀತಿಯಲ್ಲ, ಮಾತ್ರೆ. ಬೆಳಿಗ್ಗೆ ಅವರದೊಂದು, ಸಂಜೆ ನಿಮ್ಮದೊಂದು. ಅರ್ಧ ಮಾಡಿದ ಮೇಲೂ ಎರಡು ಅರ್ಧ.

ಈ ಖಾಲಿ ಕುರ್ಚಿಯ ಕಥೆಯನ್ನು ಮಾರ್ಚ್ ತಿಂಗಳಲ್ಲೇ ಬರೆಯಬಹುದಿತ್ತು. ನಿಮಗೆ ಎಲ್ಲವನ್ನೂ ಕೊಡಬಾರದೆಂದು ಇಟ್ಟುಕೊಂಡೆ.

ಇನ್ನು ನಿಮ್ಮನ್ನು ಕಾಮಾಲೆ ಎಂದ ನನ್ನ ಕಣ್ಣಿನ ವಿಷಯ. ನಿಮ್ಮ ಪತ್ರ ಏಳನೆಯ ತಾರೀಖಿಗೇ ಬಂತು. ಫೋನ್ ಮಾಡಿದ್ದು ಹತ್ತಕ್ಕೆ. ನಡುವೆ ನಾನೇನು ಮಾಡುತ್ತಿದ್ದೆ ಗೊತ್ತೇ? ಆ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡು ಮತ್ತೆ ಮತ್ತೆ ಓದುತ್ತಿದ್ದೆ. ನನ್ನ ಕುರ್ಚಿಗೆ ತುತ್ತು ಎತ್ತುತ್ತಾರೆ, ನನ್ನ ಜೊತೆ ಮಾತಾಡುತ್ತಾರೆ! ಮಾತ್ರೆ ಇರಬಹುದೆಂದು ಮನಸ್ಸಿನ ಮೂಲೆಯಲ್ಲಿ ಮೊದಲ ಗಳಿಗೆಗೇ ಹೊಳೆದಿತ್ತು. ಸುಮ್ಮನಿರು ಎಂದು ಅದನ್ನು ಗದರಿಸಿ ಕೂರಿಸಿದೆ. ಬಿಟ್ಟು ಬಂದ ಮನೆಯಲ್ಲಿ ತನ್ನ ಖಾಲಿ ಕುರ್ಚಿಗೆ ತುತ್ತು ಎತ್ತುವವರೊಬ್ಬರು ಇದ್ದಾರೆ ಎಂದರೆ ಯಾರಿಗೆ ಬೇಡ ಹೇಳಿ. ಆ ಮನುಷ್ಯ ನನಗೆ ಬೇಕಾಗಿಯೂ ಇರಲಿಲ್ಲ. ನಿಮಗೆ ಸಿಗದ್ದು ನನಗೆ ಸಿಕ್ಕಿದೆ ಎಂಬುದೇ ರುಚಿಯಾಗಿತ್ತು. ನಾನು ಹಿಗ್ಗುತ್ತಾ ಮಲಗಿದ್ದ ಅಷ್ಟೂ ದಿನ ಅವನ ಹೊಟ್ಟೆಗೆ ದಿನಕ್ಕೆರಡು ಸಲ ಮಾತ್ರೆ ಬಿದ್ದಿದೆ.

ಅವನು ಬದುಕಿದ್ದರೆ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಬರೆಯಬೇಡಿ, ನನಗೆ ಅರ್ಥವಾಗುತ್ತದೆ.

ಹೊಲಿಗೆಯವಳು


ಮೇ 27

ಅಕ್ಕಾ,

ಬದುಕಿದ್ದಾನೆ.

ಮೊದಲ ಸಾಲಿಗೇ ಬರೆದಿದ್ದೇನೆ, ಉಸಿರು ಬಿಡಿ. ಇಷ್ಟು ದಿನ ತಡ ಮಾಡಿ ನಿಮ್ಮನ್ನು ಕಾಯಿಸಿದ್ದಕ್ಕೆ ಕ್ಷಮಿಸಿ. ಬದುಕುತ್ತಾನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಇವತ್ತು ಬರೆದು ನಾಳೆ ಸುಳ್ಳಾಗುವುದು ಬೇಡವಾಗಿತ್ತು.

ಅವತ್ತು ಮೈಗೆಲ್ಲ ಹಿಟ್ಟು ಮೆತ್ತಿಕೊಂಡೇ ಬೀಗದ ಅಂಗಡಿಗೆ ಓಡಿದೆ. ಗಿರಾಕಿಯ ಎದುರೇ "ನೀವು ದೊರೆಗೆ ಮಾತ್ರೆ ಕೊಡ್ತಿದೀರಾ?" ಎಂದು ಕಿರುಚಿದೆ. ಇವರು ಕೀಲಿಗಳ ಡಬ್ಬಿ ತೆರೆದು ಒಳಗಿನಿಂದ, ತಾವೇ ಬೇರೆಯಾಗಿ ಕೊಂಡಿಟ್ಟಿದ್ದ ಮಾತ್ರೆಯ ಹಾಳೆ ತೆಗೆದರು. ಬಾಯಿಯ ಬೀಗ ಆಗ ಬಿಚ್ಚಿತು ನೋಡಿ. "ಕೊಡ್ತಿದೀನಿ ಅಂದೆ ನೀನು. ಕಸ ಗುಡಿಸುವಾಗ ಚಪ್ಪಲಿ ಗೂಡಿನ ಹಿಂದೆ ಉಗುಳಿದ ಮಾತ್ರೆಗಳು ಸಿಕ್ಕಿದ್ವು. ಕೇಳಿದ್ರೆ ನಿನ್ನ ಮುಖ ಸಣ್ಣದಾಗತ್ತೆ. ಅವಳ ಕೈಯಲ್ಲಿ ಆಗ್ತಿತ್ತು, ನಿನ್ನ ಕೈಯಲ್ಲಿ ಆಗಲ್ಲ ಅಂತ ನಾನು ಅಂದ್ಕೊಂಡೆ ಅಂತ ನೀನು ಅಂದ್ಕೋತೀಯ. ಅದಕ್ಕೆ ಸುಮ್ನೆ ನಾನೇ ಹಾಕ್ತಿದ್ದೆ." ನನ್ನ ಮಾನ ಉಳಿಸಲು ಇವರು ಗುಟ್ಟಾಗಿ ಕೊಟ್ಟರು, ನಿಮ್ಮ ಉಪಾಯವೆಂದು ತಿಳಿಯದಿರಲಿ ಎಂದು ನಾನು ಗುಟ್ಟಾಗಿ ಕೊಟ್ಟೆ. ನಡುವೆ ಆ ಮೂಕಪ್ರಾಣಿಯ ಹೊಟ್ಟೆ ಹುಣ್ಣಾಯಿತು. ನೀವು ಮೂರು ದಿನ ತಡ ಮಾಡಿದಿರಿ, ನಾವಿಬ್ಬರೂ ಒಂದೇ ಮನೆಯಲ್ಲಿದ್ದು ಅದಕ್ಕಿಂತ ಎಷ್ಟೋ ಹೆಚ್ಚು ತಡ ಮಾಡಿದೆವು. ಈ ಲೆಕ್ಕದಲ್ಲಿ ಯಾರೂ ಯಾರನ್ನೂ ಬೈಯುವ ಹಾಗಿಲ್ಲ.

ಡಾಕ್ಟರಮ್ಮ ಬೈದರು, ಎಲ್ಲವನ್ನೂ ನಿಲ್ಲಿಸಿದರು. ಡ್ರಿಪ್ ಹಾಕಿ ಹೊಟ್ಟೆಗೆ ಔಷಧಿ ಕೊಟ್ಟರು. ರಕ್ತ ಹೋಗುವುದು ನಿಂತಿತು, ಮನೆಗೆ ಕರೆತಂದೆವು. ಆದರೆ ಏನು ಮಾಡಿದರೂ ತಿನ್ನಲೊಲ್ಲ. ತಿನ್ನದಿದ್ದರೆ ಹೆಚ್ಚು ದಿನ ಇಲ್ಲ ಎಂದು ಡಾಕ್ಟರಮ್ಮ ನೇರವಾಗಿಯೇ ಹೇಳಿದ್ದರು. ಬೆಕ್ಕನ್ನು ಕರೆದೆ. ಬೆಕ್ಕು ಇವನ ಬಟ್ಟಲಿಗೇ ಬಾಯಿ ಹಾಕಿ ತಿಂದು ಮುಗಿಸಿತು, ಇವನು ಕಣ್ಣು ಮುಚ್ಚಿಕೊಂಡ. ಇವರು ನಿಮ್ಮ ಕುರ್ಚಿಗೆ ತುತ್ತು ಎತ್ತಿದರು. ನಾನೇ ಹೇಳಿದೆ ಎತ್ತಿ ಎಂದು, ಪಕ್ಕದಲ್ಲಿ ನಿಂತು ನೋಡಿದೆ. ಅದಕ್ಕೂ ಕಿವಿ ಅಲ್ಲಾಡಿಸಲಿಲ್ಲ. ಹೊಟ್ಟೆಕಿಚ್ಚೇ ಇಲ್ಲದ ದೊರೆಯನ್ನು ನೋಡಲು ಆಗಲಿಲ್ಲ ಅಕ್ಕಾ. ಅದು ಹೋದರೆ ಅವನಲ್ಲಿ ಇನ್ನೇನು ಉಳಿಯಿತು.

ನಿನ್ನೆ ಸಂಜೆ ಅಡುಗೆಮನೆಯ ನೆಲದ ಮೇಲೆ ಅವನ ಮುಂದೆ ಕೂತಿದ್ದೆ, ಕೈಯಲ್ಲಿ ಗಂಜಿಯ ಬಟ್ಟಲು. ಆಗಲಿಲ್ಲ, ಅಳು ಬಂತು. ಇವರು ಅಂಗಡಿಯಿಂದ ಬಂದು ಪಕ್ಕದಲ್ಲಿ ಕೂತರು. ಎಷ್ಟೋ ದಿನದ ಮೇಲೆ ನಾನು ಇವರ ಹೆಗಲಿಗೆ ತಲೆ ಇಟ್ಟೆ.

"ಗುರ್ ರ್."

ಮೊದಲು ಬೀದಿಯಲ್ಲಿ ಯಾವುದೋ ಗಾಡಿ ಅಂದುಕೊಂಡೆ. ಆ ಸದ್ದು ದೊರೆಯದು. ತಲೆ ಎತ್ತಿದ್ದ, ಇವರನ್ನು ದುರುಗುಟ್ಟಿ ನೋಡುತ್ತಿದ್ದ. ಮುಂಗಾಲಿನಲ್ಲಿ ಮೈಯನ್ನು ಎಳೆದುಕೊಂಡು ಬಂದು, ನಮ್ಮಿಬ್ಬರ ನಡುವೆ ಮೂತಿ ತೂರಿಸಿ, ಇವರನ್ನು ಆಚೆ ತಳ್ಳಿ, ನನ್ನ ಮಡಿಲಲ್ಲಿ ಗದ್ದ ಇಟ್ಟ. ಇವರು ಪಕ್ಕಕ್ಕೆ ಸರಿದು ನಕ್ಕರು, ಕಣ್ಣು ಒರೆಸಿಕೊಂಡರು. ನನ್ನ ಅಂಗೈಯಿಂದ ದೊರೆ ಗಂಜಿ ನೆಕ್ಕಿದ. ಇವತ್ತು ಬೆಳಿಗ್ಗೆಯೂ ನೆಕ್ಕಿದ.

ನಿಮಗೆ ಇದನ್ನು ಬರೆಯದೆ ಇರಬಹುದಿತ್ತು. ಬರೆಯದಿದ್ದರೆ ಅದು ನನ್ನೊಬ್ಬಳದಾಗಿ ಉಳಿಯುತ್ತಿತ್ತು. ಗುಟ್ಟು ಇಟ್ಟುಕೊಂಡದ್ದು ಸಾಕಾಗಿದೆ.

ಆ ಮಾತ್ರೆ ಇನ್ನು ಅವನಿಗೆ ಇಲ್ಲ. ಬಿಸಿ ಕಾವು, ಸೊಂಟ ನೀವುವುದು, ಮುಂದೆ ಮೈ ತೂಕ ಹೆಚ್ಚದಂತೆ ನೋಡಿಕೊಳ್ಳುವುದು, ಅಷ್ಟೆ. ಓಡುವುದು, ಜಿಗಿಯುವುದು ಖಂಡಿತ ಕೂಡದಂತೆ. ಎಷ್ಟು ದಿನ ಇರುತ್ತಾನೋ. ಬನ್ನಿ ಅಕ್ಕಾ, ಒಮ್ಮೆ ನೋಡಿಕೊಂಡು ಹೋಗಿ. ನೀವು ಬಂದರೆ ಅವನು ನನ್ನ ಮಡಿಲು ಬಿಟ್ಟು ನಿಮ್ಮ ಪಾದಕ್ಕೆ ಹೋಗುತ್ತಾನೆ. ನನ್ನ ಹೊಟ್ಟೆ ಉರಿಯುತ್ತದೆ. ಉರಿಯಲಿ, ನೀವು ಬನ್ನಿ. ಕುರ್ಚಿ ಅಲ್ಲೇ ಇದೆ.

ನಿಮ್ಮ ತಂಗಿ


ಜೂನ್ 3

ತಂಗೀ,

ಗುರ್ ಎಂದದ್ದನ್ನು ಓದಿ ಎದೆಗೆ ಕೆಂಡ ಇಟ್ಟ ಹಾಗಾಯಿತು. ಸುಳ್ಳು ಹೇಳಲಾರೆ. ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟೆ. ಆಮೇಲೆ ಎದ್ದು ಸಹೋದ್ಯೋಗಿಗಳಿಗೆಲ್ಲ "ನನ್ನ ನಾಯಿ ಗಂಜಿ ಕುಡೀತಂತೆ" ಎಂದು ಹೇಳಿಕೊಂಡು ಬಂದೆ.

ರಜೆ ಕೇಳಿದೆ, ಸಿಕ್ಕಿತು. ಚೀಲವನ್ನೂ ಕಟ್ಟಿದೆ. ಈಗ ಬಿಚ್ಚಿದ್ದೇನೆ. ನಾನು ಬರುವುದಿಲ್ಲ.

ಬಾಗಿಲಲ್ಲಿ ನನ್ನ ದನಿ ಕೇಳಿದರೆ ಅವನು ಎದ್ದು ಓಡಿ ಬರುತ್ತಾನೆ. ಆ ಕಾಲಿನಲ್ಲಿ ಓಡಬಾರದೆಂದು ನೀನೇ ಬರೆದಿದ್ದೀಯ. ಇದು ನಿನಗೆ ಹೇಳುವ ಕಾರಣ. ನನಗೆ ನಾನೇ ಹೇಳಿಕೊಳ್ಳುವ ಕಾರಣ ಬೇರೆ. ಅವನು ಓಡಿ ಬರದಿದ್ದರೆ? ನಿನ್ನ ಮಡಿಲಿನಿಂದ ತಲೆ ಎತ್ತಿ ನನ್ನನ್ನು ನೋಡಿ, ಗುರುತು ಹಿಡಿದು, ಬಾಲ ಅಲ್ಲಾಡಿಸಿ, ಮತ್ತೆ ಅಲ್ಲೇ ತಲೆಯಿಟ್ಟು ಮಲಗಿಬಿಟ್ಟರೆ? ಅದನ್ನು ನೋಡುವಷ್ಟು ಒಳ್ಳೆಯವಳಲ್ಲ ನಾನು.

ಕುರ್ಚಿಯ ಬೆತ್ತ ಹಿಂದೆ ಒಂದು ಕಡೆ ಬಿಟ್ಟಿದೆ, ಬೀಗದವರಿಗೆ ಹೇಳಿ ಕಟ್ಟಿಸಿಕೊ. ಅವನ ತಲೆಗೆ ಚುಚ್ಚೀತು. ಕಟ್ಟಿಸಿಕೊಂಡು ನೀನೇ ಅದರಲ್ಲಿ ಕೂರು, ಖಾಲಿ ಬಿಡಬೇಡ.

ಹಾಸಿನೊಳಗೆ ಏನು ತುಂಬಿದ್ದೀರಿ ಎಂದು ನೀನು ಕೇಳಿದ್ದೆ. ಬಟ್ಟೆಯ ತುಂಡುಗಳನ್ನೇ ತುಂಬಿದ್ದೆ. ಆದರೆ ಕಳುಹಿಸುವ ಮುಂಚೆ ಒಂದು ವಾರ ನಾನು ಅದರ ಮೇಲೆ ಮಲಗಿದ್ದೆ, ನನ್ನ ಮೈಯ ವಾಸನೆ ಹತ್ತಲಿ ಎಂದು. ನೀನು ಎಷ್ಟೇ ಮುದ್ದು ಮಾಡಿದರೂ ಅವನ ಮೂಗು ನನ್ನದಾಗಿರಲಿ ಎಂದು. ಅದಕ್ಕೇ ಒಗೆಯಬೇಡ ಎಂದದ್ದು.

ಈಗ ಒಗೆದುಬಿಡು. ಚೆನ್ನಾಗಿ ಬಿಸಿಲಿಗೆ ಹಾಕು. ಒಣಗಿದ ಮೇಲೆ ನೀನು ಒಂದು ವಾರ ಅದರ ಮೇಲೆ ಮಲಗು. ಆಮೇಲೆ ಅವನಿಗೆ ಹಾಸು.

ಅಕ್ಕ